ನಡಾವಳಿ ಪುಸ್ತಕ, ಪುಟ ಅರವತ್ತೊಂದು

ಮಕ್ಕಳ ಗ್ರಾಮಸಭೆಗೆ ಕೋರಂ ಯಾರೂ ಕೇಳುವುದಿಲ್ಲ,
ಆದರೂ ಎಣಿಸಿದೆ: ನಲವತ್ತೇಳು.
ಎರಡು ಶಾಲೆ, ನಾಲ್ಕು ಜಮಖಾನ,
ಮೆಟ್ಟಿಲ ಮೇಲೆ ಒಂದನ್ನೊಂದು ತುಳಿದುಕೊಂಡು ಚಪ್ಪಲಿಗಳು.

ಗೋಡೆಗೆ ಒಂದು ಪೋಸ್ಟರ್, ಜಿಲ್ಲೆಯಿಂದ ಸುರುಳಿ ಸುತ್ತಿ ಕಳಿಸಿದ್ದು.
ಯುರೋಪಿನ ಯಾವ ಊರಲ್ಲಿ ತೆಗೆದ ಫೋಟೊವೋ,
ಬೆಕ್ಕಿನ ಕಣ್ಣಿನ ಹುಡುಗಿ, ಕೈಯಲ್ಲಿ ಗಾಳಿಪಟ,
ಕೆಳಗೆ ಕನ್ನಡದಲ್ಲಿ ಹಕ್ಕುಗಳು, ಒಂದರಿಂದ ಹತ್ತು.
ಏಳನೆಯದಕ್ಕೆ ಗೋಡೆಯ ತೇವ ಹತ್ತಿ
'ಆಟ' ಅನ್ನುವುದಷ್ಟೇ ಉಳಿದಿದೆ.
'ಅವಳೂ ನಮ್ಮ ಪಂಚಾಯ್ತಿಯವಳಾ?' ಒಂದನೇ ಕ್ಲಾಸಿನವನೊಬ್ಬ ಕೇಳಿದ.
ಎಲ್ಲರೂ ನಕ್ಕರು. ನಾನೂ ನಕ್ಕೆ. ನಡಾವಳಿಯಲ್ಲಿ ಬರೆಯಲಿಲ್ಲ.

ನನ್ನ ಕೆಲಸ ಬರೆಯುವುದು. ಹದಿನಾಲ್ಕು ವರ್ಷದಿಂದ
ರಿಪ್ಪನ್‌ಪೇಟೆ ಕಡೆಯ ಈ ಪಂಚಾಯ್ತಿಯಲ್ಲಿ
ಯಾರು ಹೇಗೆ ಹೇಳಿದರೂ ಒಂದೇ ಕನ್ನಡಕ್ಕೆ ಇಳಿಸುವುದು.

ಧನ್ಯಶ್ರೀ, ಏಳನೇ ತರಗತಿ, ಎದ್ದು ಹೇಳಿದಳು:
ಟಾಯ್ಲೆಟ್ಟಿನ ಬೀಗದ ಕೈ ಹೆಡ್‌ಮಾಸ್ಟರ್ ಜೇಬಲ್ಲಿರುತ್ತೆ,
ಕೇಳಕ್ಕೆ ನಾಚಿಕೆ, ಅದಕ್ಕೇ ನಾವು ಬೆಳಗ್ಗೆಯಿಂದ ನೀರೇ ಕುಡಿಯಲ್ಲ.
ಬರೆದೆ: ಶೌಚಾಲಯ ನಿರ್ವಹಣೆ ಕುರಿತು ಚರ್ಚಿಸಲಾಯಿತು.

ಸುಹೇಲ್ ಹೇಳಿದ: ಪಾಸಿನ ಮಕ್ಕಳು ನಿಂತಿದ್ರೆ ಬಸ್ಸು ನಿಲ್ಸಲ್ಲ,
ರೈಟ್ ರೈಟ್ ಅಂತ ಧೂಳು ನಮಗೆ ಕೊಟ್ಟು ಹೋಗ್ತಾರೆ.
ಬರೆದೆ: ಪತ್ರ ವ್ಯವಹರಿಸಲು ತೀರ್ಮಾನಿಸಲಾಯಿತು.
ಪತ್ರ ವ್ಯವಹರಿಸಿ ವ್ಯವಹರಿಸಿ ನನ್ನ ಬೆರಳಲ್ಲಿ ಗಂಟಾಗಿದೆ.

ಹನ್ನೊಂದೂವರೆಗೆ ಟೀ ಬಂತು.
ಎದುರಿನ ಹೋಟೆಲಿನ ಹುಡುಗ, ತಂತಿಯ ಸ್ಟ್ಯಾಂಡಿನಲ್ಲಿ ಎಂಟು ಗ್ಲಾಸು,
ವೇದಿಕೆಯವರಿಗೆ ಮಾತ್ರ; ಮಕ್ಕಳಿಗೆ ಬಿಸ್ಕತ್ತು, ಆಮೇಲೆ.
ಜಮಖಾನ ತುಳಿಯದ ಹಾಗೆ ಅಂಚಿನಲ್ಲೇ ಬಂದ.
ತಲೆ ಎತ್ತದೆ ಕೊಟ್ಟ. ತಲೆ ಎತ್ತದೆ ತಗೊಂಡೆವು.

ಆಗ ಧನ್ಯಶ್ರೀ ಮತ್ತೆ ಎದ್ದಳು. ಅವಳ ಸರದಿ ಮುಗಿದಿತ್ತು.
'ಸರ್, ಇವನು ಮಕ್ಕಳ ಲೆಕ್ಕದಲ್ಲಿ ಬರಲ್ವಾ?'

ಫ್ಯಾನಿನ ಸದ್ದು ಕೇಳಿಸಿತು.
ಅಧ್ಯಕ್ಷರ ಗ್ಲಾಸು ತುಟಿಯ ಹತ್ತಿರ ಹೋಗಿ ನಿಂತಿತು.
'ಹೋಟೆಲಿನವರ ಸಂಬಂಧಿ ಹುಡುಗನಂತೆ' ಎಂದರು ಒಬ್ಬ ಮೆಂಬರು,
'ರಜೆಗೆ ಬಂದಿರಬೇಕು' ಎಂದರು ಇನ್ನೊಬ್ಬರು.
ನವೆಂಬರ್ ತಿಂಗಳು. ಯಾವ ರಜೆ?
ಹೊರಗೋಡೆಯ ಮೇಲೆ ಒಂದು ಸೊನ್ನೆ ಒಂಬತ್ತು ಎಂಟು
ಹೋದ ವರ್ಷ ಬರೆಸಿದವನು ನಾನೇ,
ಪೇಂಟಿನ ಬಿಲ್ಲು ಪಾಸು ಮಾಡಿಸಿದವನೂ ನಾನೇ.
ಆ ಅಂಕಿಗಳ ಕೆಳಗೇ ಹಾದು ದಿನಾ ನನಗೆ ಟೀ ತರುತ್ತಿದ್ದ.
ಸಕ್ಕರೆ ಕಡಿಮೆ, ಅವನಿಗೆ ಹೇಳದೆಯೂ ಗೊತ್ತು.
ನನಗೆ ಅವನ ಹೆಸರು ಗೊತ್ತಿಲ್ಲ.

ಕೇಳಿದೆ.
'ಮಾಣಿ' ಅಂದ.
ಅದಲ್ಲ ಕಣೋ.
ಸ್ಟ್ಯಾಂಡನ್ನು ಎಡಗೈಗೆ ಬದಲಿಸಿ, ಬಲಗೈ ಚಡ್ಡಿಗೆ ಒರೆಸಿದ.
ಆಮೇಲೆ, ಯಾರೋ ಹಾಜರಿ ಕೂಗಿದಂತೆ, ಬೆನ್ನು ನೆಟ್ಟಗೆ ಮಾಡಿ:
'ರುದ್ರಮುನಿ ಎಚ್.'

ಆ 'ಎಚ್' ಬರುತ್ತದೆಂದು ನನಗೆ ಗೊತ್ತಿರಲಿಲ್ಲ.
ಅಪ್ಪ ಅವ್ವ ಶುಂಠಿ ಕೀಳಲು ಬಂದ ಲಾರಿಯಲ್ಲಿ
ಹಾನಗಲ್ ಕಡೆಯ ಯಾವುದೋ ಶಾಲೆ ಬಿಟ್ಟು ಬಂದವನು,
ಸ್ಲೇಟು ಬಿಟ್ಟು, ಬೆಂಚು ಬಿಟ್ಟು, ಬರುವಾಗ
ಒಂದಕ್ಷರ ಮಾತ್ರ ಜೋಪಾನವಾಗಿ ತಂದಿದ್ದಾನೆ.

'ಕೂತ್ಕೋ' ಅಂದಳು ಧನ್ಯಶ್ರೀ, ಸರಿದು ಜಾಗ ಮಾಡಿ.
'ಗ್ಲಾಸಿನ ಲೆಕ್ಕ ಕೊಡಬೇಕು' ಅಂದ.
ರಸ್ತೆಯಾಚೆಯಿಂದ ಕೂಗು: ಏ ಮಾಣೀ. ಮತ್ತೊಂದು ಸಲ, ಇನ್ನೂ ಜೋರಾಗಿ.
ಬಾಗಿಲು ನೋಡಿದ. ಜಮಖಾನ ನೋಡಿದ.
ಕೂತ. ತುದಿಯಲ್ಲಿ, ಒಂದು ಕಾಲು ಹೊರಗಿಟ್ಟೇ.

ಫೋನು ಮಾಡಿದೆ. ಸಂಜೆಯೊಳಗೆ ಜೀಪು ಬರುತ್ತದೆ ಎಂದರು.
ಜೀಪನ್ನು ದೂರ ನಿಲ್ಲಿಸಿ ನಡೆದು ಬನ್ನಿ, ಹೆದರುತ್ತಾನೆ, ಎಂದೆ.
ನಾಳೆಯಿಂದ ಹೋಟೆಲಿನವನು ನನ್ನ ಮುಖ ನೋಡುವುದಿಲ್ಲ.
ಶಿವಮೊಗ್ಗದ ಯಾವ ಬಾಲಮಂದಿರ, ಎಷ್ಟು ದಿನ,
ಅವನ ಅವ್ವ ಈಗ ಯಾರ ಹೊಲದಲ್ಲಿ ಬಗ್ಗಿದ್ದಾಳೆ,
ಗೊತ್ತಿಲ್ಲ. ಇದನ್ನು ಬರೆಯಲು ನನ್ನ ಆ ಕನ್ನಡ ಸಾಲದು.

ಹಾಜರಾತಿಯ ನಲವತ್ತೇಳನ್ನು ಹೊಡೆದುಹಾಕಿ
ಪಕ್ಕದಲ್ಲಿ ನಲವತ್ತೆಂಟು ಎಂದು ಬರೆದೆ.
ತಿದ್ದಿದ ಕಡೆ ತಿದ್ದಿದವನ ಸಹಿ ಇರಬೇಕು, ನಿಯಮ.
ಹಾಕಿದೆ.
ಮೇಜಿನ ಮೇಲೆ ನನ್ನ ಗ್ಲಾಸು, ಕೆನೆ ಕಟ್ಟಿಕೊಂಡು, ಹಾಗೇ.